ಗಂಟಿಲ್ಲದ ಕಟ್ಟು

ನಗರದ ಬಸ್ಸಿನಲ್ಲಿ ಕುಳಿತುಕೊಳ್ಳಲು ಸ್ಥಳ ದೊರೆಯದೆ ಮೇಲಿನ ಸರಳನ್ನು ಹಿಡಿದು ನಿಂತವರಿಗೆಲ್ಲ ಒಂದು ಅನುಭವ ಚೆನ್ನಾಗಿ ಗೊತ್ತು. ಎಮ್ಮೆಯೊಂದು ಅಡ್ಡ ಬಂದು ಚಾಲಕನು ಒಮ್ಮೆಲೇ ಬ್ರೇಕು ಒತ್ತಿದನೆಂದರೆ ಬಸ್ಸು ನಿಲ್ಲುತ್ತದೆ, ಒಳಗಿನವರು ನಿಲ್ಲುವುದಿಲ್ಲ. ಮುಂದಿನವರ ಬೆನ್ನಿನ ಮೇಲೆ ಬೀಳುತ್ತಾರೆ, ಕ್ಷಮೆ ಕೇಳುತ್ತಾರೆ, ಕೆಲವೊಮ್ಮೆ ಜಗಳವೂ ಆಗುತ್ತದೆ. ಹೀಗೆ ಮುಗ್ಗರಿಸಿದವರ ತೂಕ ಅರುವತ್ತೋ ಎಪ್ಪತ್ತೋ ಕಿಲೋ. ಅವರ ಸ್ಥಾನದಲ್ಲಿ 20,000 ಕಿಲೋ ತೂಕದ ಉಕ್ಕಿನ ಸುರುಳಿಯೊಂದು ಇದ್ದರೆ? ಅದರ ಮುಂದೆ ಕೆಲವೇ ಅಡಿಗಳ ಅಂತರದಲ್ಲಿ, ತಗಡಿನ ಗೂಡಿನೊಳಗೆ ಒಬ್ಬ ಮನುಷ್ಯ ಕುಳಿತಿದ್ದರೆ?

ಅಮೆರಿಕದಲ್ಲಿ ‘ಫ್ಲ್ಯಾಟ್‌ಬೆಡ್’ ಲಾರಿ ನಡೆಸುವವರು ಪ್ರತಿದಿನವೂ ಬೆನ್ನ ಹಿಂದೆ ಹೊತ್ತು ತಿರುಗುವ ಪ್ರಶ್ನೆ ಇದು.

ಆ ದೇಶದ ಹೆದ್ದಾರಿಗಳಲ್ಲಿ ಹೆಚ್ಚಾಗಿ ಕಾಣುವ ಲಾರಿ ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. ಯಾರೋ ಸರಕು ತುಂಬಿ ಬಾಗಿಲು ಮುಚ್ಚಿ ಮುದ್ರೆ ಹಾಕುತ್ತಾರೆ, ಚಾಲಕನು ಕೊಂಡೊಯ್ಯುತ್ತಾನೆ. ಒಳಗೆ ಏನಿದೆ ಎಂಬುದನ್ನು ಅವನು ಕೆಲವೊಮ್ಮೆ ಕಾಗದದಲ್ಲಿ ಮಾತ್ರ ನೋಡಿರುತ್ತಾನೆ. ಆದರೆ ಪೆಟ್ಟಿಗೆಯಲ್ಲಿ ಹಿಡಿಸದ ವಸ್ತುಗಳೂ ಲೋಕದಲ್ಲಿವೆ. ಉಕ್ಕು, ಮರದ ದಿಮ್ಮಿ, ಕೊಳವೆ, ಭಾರಿ ಯಂತ್ರ, ಸೇತುವೆಯ ತೊಲೆ ಇವುಗಳಿಗೆಲ್ಲ ಗೋಡೆಯಿಲ್ಲದ, ಚಾವಣಿಯಿಲ್ಲದ ಒಂದು ಬಯಲು ಜಗುಲಿ ಬೇಕು. ಅದೇ ಫ್ಲ್ಯಾಟ್‌ಬೆಡ್. ಉದ್ದ ಸಾಮಾನ್ಯವಾಗಿ 48 ಅಡಿ, ಅಗಲ ಎಂಟೂವರೆ ಅಡಿ, ನೆಲದಿಂದ ಎತ್ತರ ಸುಮಾರು 5 ಅಡಿ. ಜಗುಲಿಯ ಮೇಲೆ ಇಟ್ಟದ್ದು ಅಲ್ಲಿಯೇ ಉಳಿಯಬೇಕಾದರೆ ಕಟ್ಟಬೇಕು. ಕಟ್ಟುವವನು ಚಾಲಕನೇ. ನಮ್ಮ ಲಾರಿಗಳಲ್ಲಿರುವಂತೆ ಹಗ್ಗ ಎಳೆಯಲು, ಹಿಂದಿನಿಂದ ಕೂಗಿ ಹೇಳಲು ಒಬ್ಬ ಕ್ಲೀನರ್ ಅಲ್ಲಿಲ್ಲ. ಚಾಲಕ, ಕ್ಲೀನರ್, ಹಮಾಲಿ ಎಲ್ಲವೂ ಒಬ್ಬನೇ.

ವಿಚಿತ್ರವೆಂದರೆ, ಭಾರಿ ಲಾರಿಯ ಲೈಸೆನ್ಸಿಗಾಗಿ ನಡೆಯುವ ಪ್ರಾಯೋಗಿಕ ಪರೀಕ್ಷೆಯಲ್ಲಿ ಈ ಕಟ್ಟುವ ವಿದ್ಯೆಗೆ ಸ್ಥಾನವಿಲ್ಲ. ಅಭ್ಯರ್ಥಿಯು ಲಾರಿಯನ್ನು ತಪಾಸಣೆ ಮಾಡಿ ತೋರಿಸಬೇಕು, ಹಿಂದಕ್ಕೆ ನಡೆಸಬೇಕು, ರಸ್ತೆಯಲ್ಲಿ ಓಡಿಸಬೇಕು. 2022ರ ಫೆಬ್ರವರಿಯಿಂದ ಹೊಸಬರಿಗೆ ನಿಗದಿತ ಪಾಠಕ್ರಮದ ತರಬೇತಿ ಕಡ್ಡಾಯವಾಗಿದೆ. ಸರಕಿನ ವಿಷಯವೂ ಅದರಲ್ಲಿ ಪಾಠರೂಪವಾಗಿ ಸೇರಿದೆ. ಆದರೆ ಸರಪಳಿಯನ್ನು ಎಳೆದು ಬಿಗಿಯುವುದನ್ನು ಪುಸ್ತಕ ಓದಿ ಕಲಿತವರುಂಟೆ? ಅದನ್ನು ಕಲಿಯುವುದು ಕೆಲಸಕ್ಕೆ ಸೇರಿದ ಮೇಲೆ, ಹಳೆಯ ಚಾಲಕನೊಬ್ಬನ ಪಕ್ಕದಲ್ಲಿ ಕುಳಿತು ಕೆಲವು ವಾರ ತಿರುಗಿ. ಆಮೇಲೆ ಒಂದು ದಿನ ಅವನು ಇಳಿದು ಹೋಗುತ್ತಾನೆ.

ಅಂಥ ಒಬ್ಬ ಹೊಸಬನನ್ನು ನಾವು ಕಲ್ಪಿಸಿಕೊಳ್ಳೋಣ. ಅವನ ಹೆಸರು ನಮಗೆ ಬೇಡ. ವಯಸ್ಸು ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಇರಲಿ.

ಗಂಟಿಗೆ ನಿಷೇಧ

ಜಾರ್ಜಿಯಾ ರಾಜ್ಯದ ಮರ ಕೊಯ್ಯುವ ಕಾರ್ಖಾನೆಯೊಂದರಲ್ಲಿ ಅವನ ಮೊದಲ ಪಾಠ. ಪೈನ್ ಹಲಗೆಗಳ ಕಟ್ಟುಗಳನ್ನು ಒಂದರ ಮೇಲೊಂದು ಪೇರಿಸಿದ್ದಾರೆ. ಮೇಲ್ಭಾಗ ನೆಲದಿಂದ 13 ಅಡಿ ಎತ್ತರದಲ್ಲಿದೆ. ಅವನ ಕೈಗೆ ಕೊಟ್ಟದ್ದು ಹಗ್ಗವಲ್ಲ. 4 ಅಂಗುಲ ಅಗಲದ ನೇಯ್ದ ಪಟ್ಟಿ. ಅದರ ಒಂದು ತುದಿಯಲ್ಲಿ ಕೊಕ್ಕೆ. ಇನ್ನೊಂದು ತುದಿ ಜಗುಲಿಯ ಅಂಚಿನ ಕೆಳಗಿರುವ ವಿಂಚ್ ಎಂಬ ಸಣ್ಣ ರಾಟೆಗೆ ಸುತ್ತಿಕೊಳ್ಳುತ್ತದೆ. ಪಟ್ಟಿಯನ್ನು ಸುರುಳಿ ಮಾಡಿ ಹೇರಿನ ಮೇಲಿಂದ ಆಚೆಗೆ ಎಸೆಯಬೇಕು. ಎಸೆಯುವ ಮೊದಲು ಆಚೆ ಯಾರಾದರೂ ಇದ್ದಾರೆಯೇ ಎಂದು ಸುತ್ತಿ ಹೋಗಿ ನೋಡಬೇಕು; 13 ಅಡಿ ಮೇಲಿನಿಂದ ಬೀಳುವ ಕಬ್ಬಿಣದ ಕೊಕ್ಕೆ ತಲೆಯ ಮರ್ಯಾದೆಯನ್ನು ಅರಿಯದು. ಬಳಿಕ ಉದ್ದನೆಯ ಕಬ್ಬಿಣದ ಸಲಾಕೆಯನ್ನು ರಾಟೆಯ ತೂತಿಗೆ ತೂರಿಸಿ ಮೈಭಾರ ಹಾಕಿ ಒತ್ತಬೇಕು. ಸಲಾಕೆ ಜಾರಿದರೆ ಅದು ಎದ್ದು ಬರುವ ದಾರಿಯಲ್ಲಿ ಮೊದಲು ಸಿಕ್ಕುವುದು ಒತ್ತುವವನ ದವಡೆ. ಆದುದರಿಂದ ಮುಖವನ್ನು ಪಕ್ಕಕ್ಕೆ ಇಟ್ಟುಕೊಂಡೇ ಒತ್ತುವುದನ್ನು ಕಲಿಸುತ್ತಾರೆ.

ಪಟ್ಟಿಯೊಂದು ಉದ್ದ ಸಾಲದೆಂದು ನಮ್ಮ ಹೊಸಬ ಎರಡನ್ನು ಸೇರಿಸಿ ಗಂಟು ಹಾಕಲು ಹೊರಟ. ಗುರು ತಡೆದ.

ನಮ್ಮಲ್ಲಿ ಕಟ್ಟುವುದೆಂದರೆ ಗಂಟು ಹಾಕುವುದೆಂದೇ ಅರ್ಥ. ಹುಲ್ಲಿನ ಗಾಡಿ, ಮದುವೆಯ ಚಪ್ಪರ, ಪ್ರಯಾಣದ ಹಾಸಿಗೆ, ಉಪ್ಪಿನಕಾಯಿಯ ಜಾಡಿಯ ಬಾಯಿಗೆ ಬಿಗಿದ ಬಟ್ಟೆ ಎಲ್ಲಕ್ಕೂ ಗಂಟೇ ಆಧಾರ. ಮದುವೆಯನ್ನೇ ನಾವು ಮೂರು ಗಂಟು ಎನ್ನುತ್ತೇವೆ. ಅಮೆರಿಕದ ನಿಯಮವಾದರೋ, ಸರಕನ್ನು ಬಿಗಿಯುವ ಸಾಧನದಲ್ಲಿ ಗಂಟು ಇರಕೂಡದೆಂದು ಸ್ಪಷ್ಟವಾಗಿ ವಿಧಿಸಿದೆ. ಕಾರಣ ಇಷ್ಟೆ. ಗಂಟು ಬಿದ್ದಲ್ಲಿ ಎಳೆಗಳು ತೀಕ್ಷ್ಣವಾಗಿ ಬಾಗುತ್ತವೆ, ಒಂದರ ಮೇಲೊಂದು ಉಜ್ಜುತ್ತವೆ, ಭಾರ ಎಲ್ಲ ಎಳೆಗಳಿಗೂ ಸಮನಾಗಿ ಹಂಚಿಕೆಯಾಗುವುದಿಲ್ಲ. ಕಟ್ಟಿದವನಿಗೆ ಗಂಟು ಬಲವಾಗಿ ಕಾಣುತ್ತದೆ. ವಾಸ್ತವವಾಗಿ ಪಟ್ಟಿಯಲ್ಲಿ ಅದೇ ದುರ್ಬಲ ಸ್ಥಾನ.

ಬಲದ ಲೆಕ್ಕವನ್ನು ಅಲ್ಲಿ ಊಹೆಗೆ ಬಿಟ್ಟಿಲ್ಲ. 4 ಅಂಗುಲದ ಪಟ್ಟಿಯ ಮೇಲೆ ಹೊಲಿದ ಚೀಟಿಯಲ್ಲಿ ಸಾಮಾನ್ಯವಾಗಿ 5,400 ಪೌಂಡ್ ಎಂದಿರುತ್ತದೆ. ಪಟ್ಟಿ ಹರಿಯುವುದು ಅದರ ಮೂರರಷ್ಟು ಭಾರಕ್ಕೆ. ಆದರೆ ಕೆಲಸಕ್ಕೆ ನಂಬತಕ್ಕದ್ದು ಇಷ್ಟನ್ನೇ. ಸರಪಳಿಗೂ ಹೀಗೆಯೇ ಕುಲಗೋತ್ರವುಂಟು. ಸಾಗಣೆಯ ಸರಪಳಿಯ ಕೊಂಡಿಗಳ ಮೇಲೆ 7 ಅಥವಾ 70 ಎಂಬ ಅಂಕಿಯನ್ನು ಒತ್ತಿರುತ್ತಾರೆ. ಬಣ್ಣ ಚಿನ್ನದ ಹೊಳಪಿನದು. ಒಂದು ಅಂಗುಲದ ಎಂಟನೆಯ ಮೂರು ಭಾಗ ದಪ್ಪದ ಅಂಥ ಸರಪಳಿಗೆ 6,600 ಪೌಂಡ್ ಭಾರವನ್ನು ಒಪ್ಪಿಸಬಹುದು. ಅದೇ ದಪ್ಪದ, ನೋಡಲು ಅಷ್ಟೇ ಗಟ್ಟಿಮುಟ್ಟಾದ ಸರಪಳಿಯಲ್ಲಿ ಅಂಕಿ ಅಳಿಸಿಹೋಗಿದ್ದರೆ ಅದನ್ನು ಅತ್ಯಂತ ಕೆಳಗಿನ ದರ್ಜೆಯದೆಂದೇ ಎಣಿಸಬೇಕು. ಆಗ ಅದರ ಬೆಲೆ 2,650 ಪೌಂಡಿಗೆ ಇಳಿಯುತ್ತದೆ. ಗೋತ್ರ ಹೇಳಲಾರದ ವರನಿಗೆ ಹೆಣ್ಣು ಕೊಡಲು ಹಿಂದೆಗೆಯುವ ಹಿರಿಯರ ನೆನಪಾಗದಿರದು. ಮದುವೆಯ ವಿಷಯದಲ್ಲಿ ಆ ಕಟ್ಟುನಿಟ್ಟು ಸರಿಯೋ ತಪ್ಪೋ, ಸರಪಳಿಯ ವಿಷಯದಲ್ಲಂತೂ ಸರಿ.

ಹಲಗೆಯ ಮೂಲೆಯ ಮೇಲೆ ಪಟ್ಟಿ ಹಾಯುವಲ್ಲಿ ಅಂಚುಗಾಪು ಇಡಬೇಕು. ಇಲ್ಲವಾದರೆ ಮರ ಪಟ್ಟಿಯನ್ನು ತಿನ್ನುತ್ತದೆ, ಪಟ್ಟಿ ಮರವನ್ನು ತಿನ್ನುತ್ತದೆ. ಬಯಲಿಗೆ ಬಿದ್ದಿರುವ ಪಟ್ಟಿಗೆ ಒಂದು ತಿರುವು ಕೊಡಬೇಕು. ನೇರವಾಗಿ ಬಿಟ್ಟರೆ ಗಾಳಿಗೆ ತಂಬೂರಿಯ ತಂತಿಯಂತೆ ಮಿಡಿದು ಗುಂಯ್‌ಗುಟ್ಟುತ್ತ ತನ್ನನ್ನು ತಾನೇ ಸವೆಸಿಕೊಳ್ಳುತ್ತದೆ. ಇಂಥ ಸಣ್ಣ ಸಂಗತಿಗಳು ನೂರಿವೆ. ಎಲ್ಲ ಮುಗಿದಾಗ ಬಿಗಿದ ಪಟ್ಟಿಯನ್ನು ಅಂಗೈಯಿಂದ ತಟ್ಟಿ “ಇನ್ನಿದು ಎಲ್ಲಿಗೂ ಹೋಗುವುದಿಲ್ಲ” ಎನ್ನುವುದು ಅಲ್ಲಿನ ಚಾಲಕರಲ್ಲಿ ರೂಢಿಯ ಹಾಸ್ಯ. ಹೊಸಬ ಅದನ್ನು ನಿಜವೆಂದೇ ನಂಬಿ ಹೇಳಿದ.

“ಯಾರು ಹೇಳಿದರು ನಿನಗೆ? ಮರ ಹೇಳಿತೇ?” ಎಂದ ಗುರು.

ಗಾಳಿಯೊಡನೆ ಕುಸ್ತಿ

ಕಟ್ಟಿದ ಮೇಲೆ ಹೊದಿಸುವುದು. ಟಾರ್ಪಾಲಿನ್ ಎಂದು ನಾವು, ತಾಡಪತ್ರಿ ಎಂದು ಉತ್ತರ ಕರ್ನಾಟಕದವರು ಕರೆಯುವ ಆ ಹೊದಿಕೆ ಸರಕನ್ನು ಮಳೆ, ಹಿಮ, ಧೂಳುಗಳಿಂದ ಕಾಪಾಡುವುದಕ್ಕೆ. ಬಿಗಿಯುವ ಲೆಕ್ಕಕ್ಕೆ ಅದು ಸೇರದು. ಮರದ ಹೇರಿಗೆ ಬಳಸುವ ಟಾರ್ಪಾಲಿನ್ ಎರಡೂ ಪಕ್ಕಗಳಲ್ಲಿ ಎಂಟೆಂಟು ಅಡಿ ಇಳಿಬೀಳುವಷ್ಟು ದೊಡ್ಡದು. ಮಡಿಸಿದ ಒಂದೊಂದು ಕಂತೆಯೂ ನೂರು ಪೌಂಡಿನ ಆಸುಪಾಸು ತೂಗುತ್ತದೆ. ಮಳೆಯಲ್ಲಿ ನೆನೆದರೆ ಇನ್ನೂ ಹೆಚ್ಚು. ಚಳಿಗಾಲದ ಹಿಮದಲ್ಲಿ ಅದು ಬಟ್ಟೆಯ ಗುಣವನ್ನೇ ಬಿಟ್ಟು ಹಲಗೆಯಾಗುತ್ತದೆ. ಕಾರ್ಖಾನೆಯಲ್ಲಿ ಫೋರ್ಕ್‌ಲಿಫ್ಟ್ ನಡೆಸುವಾತ ದಯಾಳುವಾದರೆ ಕಂತೆಯನ್ನು ಹೇರಿನ ನೆತ್ತಿಗೆ ಏರಿಸಿಕೊಡುತ್ತಾನೆ. ಅಷ್ಟೇ ಸಹಾಯ.

ಎರಡು ಹೊದಿಕೆಗಳಲ್ಲಿ ಮೊದಲು ಹಾಸಬೇಕಾದದ್ದು ಹಿಂದಿನದು. ಅನಂತರ ಮುಂದಿನದರ ಅಂಚು ಅದರ ಮೇಲೆ ಬರಬೇಕು. ಮಂಗಳೂರು ಹೆಂಚು ಹೊದಿಸುವವರು ಸೂರಿನ ಕಡೆಯಿಂದ ಆರಂಭಿಸಿ ಮೇಲಕ್ಕೆ ಹೋಗುವುದು ನೀರು ಸಂದಿಗೆ ನುಗ್ಗಬಾರದೆಂದು. ಇಲ್ಲಿ ನುಗ್ಗಬಾರದಾದದ್ದು ಗಾಳಿ. ಗಂಟೆಗೆ ಅರುವತ್ತು ಮೈಲಿ ವೇಗದಲ್ಲಿ ಎದುರಿಗೆ ಬರುವ ಗಾಳಿ ಒಂದು ಬಾಯಿ ಕಂಡರೆ ಸಾಕು, ಒಳಹೊಕ್ಕು ಹೊದಿಕೆಯನ್ನು ಬಲೂನಿನಂತೆ ಉಬ್ಬಿಸಿ, ಬಡಿದು, ಕೆಲವು ಗಂಟೆಗಳಲ್ಲಿ ಚಿಂದಿ ಮಾಡುತ್ತದೆ. ಮೂಲೆಗಳ ಮಡಿಕೆ ಹಿಂದಕ್ಕೆ ಮುಖ ಮಾಡಿರಬೇಕೆಂಬುದೂ ಇದೇ ಕಾರಣಕ್ಕೆ. ಶಾಲೆ ಆರಂಭವಾಗುವ ದಿನಗಳಲ್ಲಿ ಮಕ್ಕಳ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ ಹಾಕಿ ಮೂಲೆಗಳನ್ನು ಜೋಡಿಸಿದ ತಾಯಂದಿರಿಗೆ ಈ ಕುಶಲತೆಯ ಮರ್ಮ ಕೂಡಲೆ ತಿಳಿಯುತ್ತದೆ. ಪುಸ್ತಕ ಮಾತ್ರ 48 ಅಡಿ ಉದ್ದದ್ದು, ಮೇಜು ಬಯಲು.

ಅಪಾಯವಿರುವುದು ನೆತ್ತಿಯ ಮೇಲೆ. ಅಲ್ಲಿ ಹಿಡಿಯಲು ಕಂಬಿಯಿಲ್ಲ, ಕಾಲಡಿಯಲ್ಲಿ ಇಬ್ಬನಿಗೆ ಜಾರುವ ಹಲಗೆ, ಕೈಯಲ್ಲಿ ಹಾಯಿಯಂಥ ಬಟ್ಟೆ. ಗಾಳಿ ಬೀಸಿದಾಗ ಹೊಸಬ ಮಾಡುವ ಸಹಜವಾದ ತಪ್ಪು ಟಾರ್ಪಾಲಿನ್ನನ್ನು ಗಟ್ಟಿಯಾಗಿ ಹಿಡಿದುಕೊಳ್ಳುವುದು. ಬಿಡಬೇಕು. ಹೊದಿಕೆ ಹಾರಿಹೋದರೆ ತರಬಹುದು, ಹರಿದರೆ ಹೊಲಿಯಬಹುದು. ಕೈಗೆ ಬಂದದ್ದನ್ನು ಬಿಡಬಾರದೆಂದು ಬೆಳೆದವರಿಗೆ ಈ ಪಾಠ ಕಷ್ಟ. ಅಂಚಿನ ಕಡೆಗೆ ಬೆನ್ನು ಮಾಡಿ ಹಿಂದೆ ಹಿಂದೆ ನಡೆಯಬಾರದೆಂಬುದು ಇನ್ನೊಂದು ಪಾಠ. ಇದನ್ನು ಮರೆತವರಲ್ಲಿ ಕೆಲವರು ಮತ್ತೆ ಲಾರಿ ಹತ್ತಿಲ್ಲ.

ಕೆಳಗಿಳಿದ ಮೇಲೆ ರಬ್ಬರು ಪಟ್ಟಿಗಳ ಸರದಿ. ಹೊದಿಕೆಯ ಉಂಗುರಗಳಿಗೆ ಒಂದು ಕೊಕ್ಕೆ, ಜಗುಲಿಯ ಅಂಚಿಗೆ ಇನ್ನೊಂದು, ಇಂಥವು ಹತ್ತಾರು. ಚಳಿಯಲ್ಲಿ ರಬ್ಬರು ಮೊಂಡಾಗುತ್ತದೆ, ಎಳೆಯುವಾಗ ಕೊಕ್ಕೆ ಜಾರಿ ನೇರವಾಗಿ ಕಣ್ಣಿಗೆ ಹಾರುತ್ತದೆ. ಅನುಭವಿಗಳು ಎಂದೂ ಅದನ್ನು ಮುಖದ ಕಡೆಗೆ ಎಳೆಯುವುದಿಲ್ಲ.

ಇಷ್ಟಕ್ಕೆಲ್ಲ ಒಂದೆರಡು ಗಂಟೆ ಹಿಡಿಯುತ್ತದೆ. ಇಲ್ಲಿಯೇ ಈ ವೃತ್ತಿಯ ಒಂದು ನೋವು ಇದೆ. ಅಲ್ಲಿನ ಕಾಯಿದೆಯಂತೆ ಚಾಲಕನು ಕೆಲಸ ಆರಂಭಿಸಿದ 14 ಗಂಟೆಗಳೊಳಗೆ ಹೆಚ್ಚೆಂದರೆ 11 ಗಂಟೆ ಲಾರಿ ನಡೆಸಬಹುದು. ಗಡಿಯಾರವನ್ನು ಯಂತ್ರವೇ ನೋಡಿಕೊಳ್ಳುತ್ತದೆ. ಕಟ್ಟುವ, ಹೊದಿಸುವ ಹೊತ್ತೆಲ್ಲ ಆ 14ರಲ್ಲಿ ಸೇರಿದ್ದು. ಕೂಲಿಯಾದರೋ ಅನೇಕರಿಗೆ ಮೈಲಿಯ ಲೆಕ್ಕದಲ್ಲಿ. ಟಾರ್ಪಾಲಿನ್ ಹೊದಿಸಿದ್ದಕ್ಕೆ ಬೇರೆ ಸ್ವಲ್ಪ ಹಣ ಕೊಡುವ ವಾಡಿಕೆಯಿದೆಯಾದರೂ, ನಿಂತ ಲಾರಿ ಎಂದರೆ ಹರಿದ ಜೇಬೆಂಬುದು ಚಾಲಕನಿಗೆ ಗೊತ್ತು. ನಾಲ್ಕರ ಬದಲು ಮೂರು ಸರಪಳಿ ಹಾಕಿ ಹೊರಟರೆ ಹತ್ತು ನಿಮಿಷ ಉಳಿಯಿತು. ನಿಯಮ ಪುಸ್ತಕದಲ್ಲಿದೆ, ಪ್ರಲೋಭನೆ ಕೈಗಡಿಯಾರದಲ್ಲಿದೆ.

ಕಣ್ಣುಳ್ಳ ಸುರುಳಿ

ಈಗ ನಮ್ಮ ಹೊಸಬ ಒಬ್ಬನೇ. ಮಿಷಿಗನ್ ಸರೋವರದ ದಕ್ಷಿಣ ದಂಡೆಯಲ್ಲಿರುವ ಗ್ಯಾರಿ, 1906ರಲ್ಲಿ ಉಕ್ಕಿನ ಕಾರ್ಖಾನೆಗೆಂದೇ ಕಟ್ಟಿದ ಊರು. ಅಲ್ಲಿಂದ ಮೋಟಾರು ತಯಾರಿಕೆಗೆ ಹೆಸರಾದ ಡೆಟ್ರಾಯಿಟ್ ನಗರದ ಕಡೆಗೆ ಉಕ್ಕಿನ ಸುರುಳಿಯೊಂದನ್ನು ಅವನು ಒಯ್ಯಬೇಕು. ತಗಡಿನ ಹಾಳೆಯನ್ನು ಚಾಪೆಯಂತೆ ಸುತ್ತಿದ್ದಾರೆ. ನಡುವೆ ಆರಪಾರ ಇರುವ ಪೊಳ್ಳಿಗೆ ‘ಕಣ್ಣು’ ಎಂದು ಹೆಸರು. ತೂಕ 44,000 ಪೌಂಡ್, ಎಂದರೆ ಸುಮಾರು 20 ಟನ್.

ಸುರುಳಿಯನ್ನು ಜಗುಲಿಯ ಮೇಲೆ ಮೂರು ಬಗೆಯಾಗಿ ಇಡಬಹುದು. ಕಣ್ಣು ಆಕಾಶ ನೋಡುವಂತೆ ಮಲಗಿಸುವುದು ಒಂದು. ಕಣ್ಣು ಹಿಂದುಮುಂದಾಗಿರುವಂತೆ ನಿಲ್ಲಿಸುವುದು ಎರಡನೆಯದು. ಇದಕ್ಕೆ ಚಾಲಕರು ಬಂದೂಕದ ಹೆಸರಿಟ್ಟಿದ್ದಾರೆ. ಮೂರನೆಯದು ಕಣ್ಣು ಎಡಬಲಗಳನ್ನು ನೋಡುವಂತೆ ನಿಲ್ಲಿಸುವುದು. ಆಗ ಸುರುಳಿ ಒಂದು ಗಾಲಿ. ಉರುಳುವುದಾದರೆ ನೇರವಾಗಿ ಚಾಲಕನ ಬೆನ್ನಿಗೆ. ಇದನ್ನು ‘ಆತ್ಮಹತ್ಯೆ’ ಎಂದೇ ಕರೆಯುತ್ತಾರೆ. ಹೆಸರು ಇಟ್ಟವನಿಗೆ ಭಯವಿತ್ತೋ ವಿನೋದವಿತ್ತೋ ಹೇಳುವುದು ಕಷ್ಟ, ಎರಡೂ ಇದ್ದಿರಬೇಕು. ನಮ್ಮ ಹೊಸಬನ ಪಾಲಿಗೆ ಬಂದದ್ದು ಈ ಮೂರನೆಯದೇ.

ಭಯಕ್ಕೆ ಆಧಾರವಿದೆ. ಅಲಬಾಮ ರಾಜ್ಯದ ಬರ್ಮಿಂಗ್‌ಹ್ಯಾಮ್ ಕೂಡ ಉಕ್ಕಿನ ಊರು. ಅಲ್ಲಿನ ಹೆದ್ದಾರಿಗಳಲ್ಲಿ ಸುರುಳಿಗಳು ಲಾರಿಯಿಂದ ಬಿದ್ದ ಘಟನೆಗಳು ಮರುಕಳಿಸಿದಾಗ, ಸುರುಳಿ ಸಾಗಿಸುವವರು ಪ್ರತ್ಯೇಕ ತರಬೇತಿಯ ಪ್ರಮಾಣಪತ್ರ ಪಡೆದಿರಬೇಕೆಂದು ಆ ರಾಜ್ಯ 2009ರಲ್ಲಿ ಕಾಯಿದೆಯನ್ನೇ ಮಾಡಿತು. ಕೇಂದ್ರದ ನಿಯಮಗಳಿರುವಾಗ ರಾಜ್ಯಕ್ಕೊಂದು ಬೇರೆ ಏಕೆಂದು ಲಾರಿ ಉದ್ಯಮದವರು ತಕರಾರು ಎತ್ತಿದರು. ಕೇಂದ್ರದ ನಿಯಮಗಳಾದರೂ ಸುಮ್ಮನೆ ಹುಟ್ಟಿದವಲ್ಲ. ಕೆನಡಾದಲ್ಲಿ ಹೇರು ಬಿಗಿಯುವುದರ ಬಗ್ಗೆ ದೀರ್ಘ ಪರೀಕ್ಷೆಗಳು ನಡೆದು, ಎರಡೂ ದೇಶಗಳವರು ಕೂಡಿ ಒಂದು ಮಾದರಿಯನ್ನು ರಚಿಸಿದ ಮೇಲೆ, ಅಮೆರಿಕ ಸರ್ಕಾರ ಅವನ್ನು 2002ರಲ್ಲಿ ಪ್ರಕಟಿಸಿ 2004ರ ಜನವರಿ 1ರಿಂದ ಕಡ್ಡಾಯ ಮಾಡಿತು. ಬ್ರೇಕು ಒತ್ತಿದಾಗ ಸರಕು ತನ್ನ ತೂಕದ ಹತ್ತರಲ್ಲಿ ಎಂಟು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗಿದರೂ ಕಟ್ಟು ತಡೆಯಬೇಕು. ಪಕ್ಕಕ್ಕೂ ಹಿಂದಕ್ಕೂ ಅರ್ಧ ಪಾಲು. ನಮ್ಮ ಸುರುಳಿಯ ಲೆಕ್ಕದಲ್ಲಿ ಇದು 16 ಟನ್ನಿನ ತಳ್ಳು. ಭಾರವಾದದ್ದು ತನ್ನ ಭಾರದಿಂದಲೇ ಕದಲದೆ ಕೂರುತ್ತದೆಂದು ಹೊಸಬರು ನಂಬುತ್ತಾರೆ. ಭಾರವೇ ಅದನ್ನು ಮುಂದಕ್ಕೆ ಒಯ್ಯುವುದೆಂದು ತಿಳಿದ ದಿನ ಅವರ ವಿದ್ಯಾಭ್ಯಾಸ ಅರ್ಧ ಮುಗಿದಂತೆ.

ಕ್ರೇನಿನವನು ಕಾಯುತ್ತಿದ್ದಾನೆ. ಸುರುಳಿ ಎಲ್ಲಿ ಇಳಿಯಬೇಕೆಂದು ಹೇಳಬೇಕಾದವನು ಚಾಲಕ. ಲಾರಿಯ ಒಟ್ಟು ತೂಕ 80,000 ಪೌಂಡ್ ಮೀರಬಾರದು, ಜೋಡಿ ಅಚ್ಚುಗಳ ಮೇಲೆ 34,000ಕ್ಕಿಂತ ಹೆಚ್ಚು ಬೀಳಬಾರದು. ಜಾಗ ಒಂದೆರಡು ಅಡಿ ತಪ್ಪಿದರೂ ಮುಂದೆ ತೂಕದ ಕಟ್ಟೆಯಲ್ಲಿ ಸಿಕ್ಕಿಬೀಳಬೇಕಾದೀತು. ಅವನು ಅಳೆದು ಸೀಮೆಸುಣ್ಣದ ಗುರುತು ಹಾಕಿದ್ದಾನೆ. ಆ ಸ್ಥಳದಲ್ಲಿ ಗಟ್ಟಿಮರದ ತೊಲೆಗಳು, ಅವು ಸರಿಯದಂತೆ ಉಕ್ಕಿನ ಹಿಡಿಕೆಗಳು. ಎಲ್ಲ ಸೇರಿ ಒಂದು ತೊಟ್ಟಿಲು. ನಿಲ್ಲಿಸಿದ ಗಾಲಿಗೆ ಕಲ್ಲು ಕೊಡುವ ಕೆಲಸವನ್ನು ಈ ತೊಲೆಗಳು ಮಾಡುತ್ತವೆ. ತೊಲೆಗಳನ್ನು ಬರಿಯ ಮೊಳೆ ಹೊಡೆದು ನಿಲ್ಲಿಸುವುದು ನಿಷಿದ್ಧ.

ಸುರುಳಿ ಇಳಿಯಿತು. ಲಾರಿಯ ಇಡೀ ಮೈ ಒಮ್ಮೆ ನರಳಿತು. ಕ್ರೇನು ಹೊರಟುಹೋಯಿತು, ಕಾಗದಕ್ಕೆ ಸಹಿಯೂ ಆಯಿತು. ಇನ್ನು ಹೇರು ಅವನದು.

ಲೆಕ್ಕ ಹೀಗೆ. ಸರಪಳಿಗಳ ಒಟ್ಟು ನಂಬಿಕೆಯ ಬಲ ಸರಕಿನ ಅರ್ಧ ತೂಕಕ್ಕೆ ಕಡಿಮೆಯಾಗಬಾರದು. ಎಂದರೆ 22,000 ಪೌಂಡ್. ಮೂರು ಸರಪಳಿಗೆ 19,800, ಸಾಲದು. ನಾಲ್ಕಕ್ಕೆ 26,400, ಸಾಕು. ಅರ್ಧವೇ ಏಕೆ ಸಾಕೆಂದರೆ ಉಳಿದುದನ್ನು ತೊಲೆಗಳೂ ಘರ್ಷಣೆಯೂ ಸರಪಳಿಯೊಳಗಿನ ಮೀಸಲು ಬಲವೂ ಹೊರುತ್ತವೆಂದು. ಆದರೆ ಇದು ಕನಿಷ್ಠ ಲೆಕ್ಕ. ಪರೀಕ್ಷೆಯಲ್ಲಿ ಕನಿಷ್ಠ ಅಂಕ ಬಂದರೆ ತೇರ್ಗಡೆ ನಿಜ, ಅಷ್ಟಕ್ಕೇ ಓದುವ ಹುಡುಗನನ್ನು ಯಾರೂ ಮೆಚ್ಚುವುದಿಲ್ಲ. ಅನುಭವಿಗಳು ಒಂದೆರಡು ಹೆಚ್ಚಾಗಿಯೇ ಬಿಗಿಯುತ್ತಾರೆ. ನಮ್ಮವನೂ ಆರು ತೆಗೆದ. ಎಲ್ಲವೂ ಕಣ್ಣಿನ ಮೂಲಕ ಹಾಯಬೇಕು; ಕೆಲವು ಸುರುಳಿಯನ್ನು ಹಿಂದಕ್ಕೆ, ಕೆಲವು ಮುಂದಕ್ಕೆ ಎಳೆದು ಹಿಡಿಯಬೇಕು. ಸರಪಳಿಗಳು ಕಣ್ಣಿನೊಳಗೆ ಕತ್ತರಿಯಂತೆ ಹಾಯ್ದು ಅಡ್ಡಾದಿಡ್ಡಿ ಆಗಕೂಡದು. ಸುರುಳಿಯ ಅಂಚು ಸರಪಳಿಗೆ ತಾಗುವಲ್ಲೆಲ್ಲ ಗಾಪು. ಕೊನೆಗೆ ಬೈಂಡರ್ ಎಂಬ ಬಿಗಿಯುವ ಸಾಧನ. ಸನ್ನೆಯಂತೆ ಒಮ್ಮೆಲೇ ಮಡಚುವ ಹಳೆಯ ಬಗೆಯದು ಕೈತಪ್ಪಿದರೆ ಸಿಡಿದು ಹಲ್ಲು ಮುರಿಯುತ್ತದೆ. ಅವನಲ್ಲಿರುವುದು ಹಿಡಿಯನ್ನು ಆಡಿಸಿದಂತೆ ಕಟಕಟನೆ ಒಂದೊಂದೇ ಹಲ್ಲು ಮುಂದುವರಿಯುವ ಹೊಸ ಬಗೆಯದು. ಆಮೇಲೆ ಒಂದು ಸಣ್ಣ ಟಾರ್ಪಾಲಿನ್.

ಎಲ್ಲ ಮುಗಿದಾಗ ಕತ್ತಲಾಗುತ್ತಿತ್ತು. ಸರಪಳಿಯನ್ನು ತಟ್ಟಲು ಎತ್ತಿದ ಕೈಯನ್ನು ಅವನು ಹಾಗೆಯೇ ಇಳಿಸಿ, ದೀಪ ಹಿಡಿದು ಇನ್ನೊಂದು ಸುತ್ತು ಬಂದ.

ಹೊರಟ ಮೊದಲ 50 ಮೈಲಿಗಳೊಳಗೆ ಒಮ್ಮೆ ನಿಲ್ಲಿಸಿ ಕಟ್ಟನ್ನು ನೋಡಬೇಕೆಂದು ಕಾಯಿದೆ. ಅನಂತರ 3 ಗಂಟೆಗೋ 150 ಮೈಲಿಗೋ ಒಮ್ಮೆ, ಯಾವುದು ಮೊದಲೋ ಅದು. ರಸ್ತೆಯ ಕುಲುಕಾಟಕ್ಕೆ ತೊಲೆಗಳು ಕುಳಿತುಕೊಳ್ಳುತ್ತವೆ, ಕೊಂಡಿಗಳು ತಮ್ಮ ತಮ್ಮ ಜಾಗ ಕಂಡುಕೊಳ್ಳುತ್ತವೆ. ಕಾರ್ಖಾನೆಯ ಅಂಗಳದಲ್ಲಿ ವೀಣೆಯ ತಂತಿಯಂತಿದ್ದದ್ದು ದಾರಿಯಲ್ಲಿ ಬಟ್ಟೆ ಒಣಹಾಕುವ ಹಗ್ಗವಾಗಬಹುದು. ಅವನು ಮಿಷಿಗನ್ ರಾಜ್ಯದ ಗಡಿ ದಾಟಿ, ಪ್ರಯಾಣಿಕರು ವಿಶ್ರಮಿಸಿಕೊಳ್ಳುವ ಕಟ್ಟೆಯೊಂದರಲ್ಲಿ ಲಾರಿ ನಿಲ್ಲಿಸಿದ. ಸರೋವರದ ಕಡೆಯಿಂದ ಬರುವ ಗಾಳಿ ಕಿವಿ ಕೊಯ್ಯುವಂತಿತ್ತು. ಇಳಿಯದೆ ಹೋದರೆ ನೋಡುವವರು ಯಾರೂ ಇರಲಿಲ್ಲ.

ಇಳಿದು ಹೊದಿಕೆಯ ಅಂಚನ್ನು ಬಿಚ್ಚಿದ. ಮೊದಲನೆಯ ಸರಪಳಿ ಸರಿಯಾಗಿತ್ತು, ಎರಡನೆಯದೂ ಸರಿ. ಮೂರನೆಯದು ಕೈಗೆ ಅಲುಗಿತು.

ಪಕ್ಕದಲ್ಲಿ ಒಂದು ಕಾರು ಬಂದು ನಿಂತಿತು. ನಿದ್ದೆಗಣ್ಣಿನ ಇಬ್ಬರು ಮಕ್ಕಳು ತಂದೆತಾಯಿಯ ಕೈಹಿಡಿದು ಲಾರಿಯ ಹಿಂದಿನಿಂದ ಹಾದು ಹೋದರು. ಯಾರೂ ಅತ್ತ ನೋಡಲಿಲ್ಲ. ಅವನು ಬೈಂಡರಿನ ಹಿಡಿಯನ್ನು ಆಡಿಸಿದ. ಮೂರು ಹಲ್ಲು ಮುಂದುವರಿಯಿತು. ನಾಲ್ಕು, ಐದು, ಆರನೆಯ ಸರಪಳಿಗಳನ್ನೂ ನೋಡಿ, ಹೊದಿಕೆಯನ್ನು ಮತ್ತೆ ಬಿಗಿದು, ಮರಗಟ್ಟಿದ ಬೆರಳುಗಳನ್ನು ಬಾಯಿಯ ಬಿಸಿಗೆ ಹಿಡಿಯುತ್ತ ಏಣಿ ಹತ್ತಿದ.